ಯಾವಾಗಲೂ ಮಡಿ

ಸೊಂಟಪಟ್ಟಿಯ ಅಂಚಿನಲ್ಲಿ ಉಳಿದಿದ್ದ ದಾರದ ತುದಿಯನ್ನು ಕತ್ತರಿಸಿ, ನಾಗವೇಣಿ ಆ ಜೀನ್ಸ್ ಪ್ಯಾಂಟನ್ನು ಎಡಗಡೆಯ ರಾಶಿಗೆ ಎಸೆದು ಬಲಗಡೆಯಿಂದ ಇನ್ನೊಂದನ್ನು ಎಳೆದುಕೊಂಡಳು. ಗಂಡ ಗೋವರ್ಧನ್ ಕಟಿಂಗ್ ಮಾಸ್ಟರ್. ಬೆಳಿಗ್ಗೆ ಅವನು ಯೂನಿಟ್ಟಿನಿಂದ ಬೈಕಿನ ಮೇಲೆ ಮೂಟೆ ತಂದು ಹಾಕಿ ಹೋದರೆ ಸಂಜೆಯೊಳಗೆ ಅವಳು ದಾರ ತೆಗೆದು, ಮಡಚಿ, ಕಟ್ಟಿಡಬೇಕು. ರಾಯದುರ್ಗದ ಈ ಓಣಿಯಲ್ಲಿ ಎಲ್ಲ ಮನೆಯ ಹೆಂಗಸರ ಉಗುರೂ ನೀಲಿ. ಪ್ರತಿ ಪ್ಯಾಂಟಿನ ಹಿಂದೆ ಸೊಂಟದ ಅಳತೆಯ ಚೀಟಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಆ ಚೀಟಿಗಳನ್ನು ನೋಡುತ್ತಿರಲಿಲ್ಲ. ನೋಡದಿದ್ದರೂ ಅವು ತನ್ನನ್ನು ನೋಡುತ್ತಿವೆ ಅನ್ನಿಸುತ್ತಿತ್ತು. ಯೂನಿಟ್ಟಿನಲ್ಲಿ ಒಮ್ಮೆ ಗೋವರ್ಧನ್, ‘ನಮ್ಮಾಕಿಗೆ ಹೊಲೀಬೇಕಂದ್ರ ಇಬ್ಬರ ಬಟ್ಟಿ ಬೇಕ್ರಪಾ’ ಅಂದಿದ್ದನಂತೆ, ಟೈಲರುಗಳೆಲ್ಲ ಮಿಷನ್ ನಿಲ್ಲಿಸಿ ನಕ್ಕರಂತೆ. ಪಕ್ಕದ ಮನೆಯವಳು ಅದನ್ನು ಕನಿಕರದಿಂದ ಬಂದು ಹೇಳಿದ್ದಳು. ಹೇಳಿ ಮುಗಿದ ಮೇಲೂ ಏಳದೆ ಇವಳ ಮುಖವನ್ನೇ ನೋಡುತ್ತ ಕುಳಿತಿದ್ದಳು. ಆಗೆಲ್ಲ ಪೇಟೆಗೆ ಹೊರಟರೆ ಗೋವರ್ಧನ್ ಮುಂದೆ ಮುಂದೆ ನಡೆಯುತ್ತಿದ್ದ. ಪರಿಚಯದವರು ಸಿಕ್ಕರೆ ನಿಂತು ಮಾತಾಡಿ, ಇವಳು ಏದುಸಿರು ಬಿಡುತ್ತ ಬಂದು ಸೇರುವಷ್ಟರಲ್ಲಿ ಮಾತು ಮುಗಿಸಿ ಮತ್ತೆ ಹೊರಟುಬಿಡುತ್ತಿದ್ದ. ಈಗ ಪಕ್ಕದಲ್ಲಿ ನಡೆಯುತ್ತಾನೆ. ಹೋದ ವಾರ ಬಸ್ ಸ್ಟ್ಯಾಂಡಿನ ಹತ್ತಿರ ರಸ್ತೆ ದಾಟುವಾಗ ಅವಳ ಮೊಣಕೈ ಹಿಡಿದುಕೊಂಡ. ಕೆಟ್ಟವನಲ್ಲ ಅವನು, ತೂಕ ಇಳಿಸುವ ಆಪರೇಷನ್ನಿಗೆ ಸಹಿ ಹಾಕುವ ಮೊದಲು ಕಾಗದವನ್ನು ಎರಡು ಸಲ ಓದಿದ್ದ, ಅದೆಲ್ಲ ಅವಳಿಗೆ ಗೊತ್ತು. ಆದರೂ ಆ ಕ್ಷಣ ಅವನ ಕೈಯನ್ನು ಕಚ್ಚಿಬಿಡಬೇಕು ಅನ್ನಿಸಿತು. ಇಷ್ಟು ಒಳ್ಳೆಯವನು ಇಷ್ಟು ವರ್ಷ ಎಲ್ಲಿದ್ದ?

ಕತ್ತರಿ ಬಟ್ಟೆಗೆ ತಾಗಿತು. ಛೆ ಎಂದು ಕೈ ಹಿಂದಕ್ಕೆ ಎಳೆದಳು. ತೂತಾಗಿರಲಿಲ್ಲ. ಈ ಸಿಟ್ಟು ಈಚೆಗೆ ಕೈಗೇ ಇಳಿಯುತ್ತಿದೆ. ದಪ್ಪಗಿದ್ದಾಗ ಸಿಟ್ಟು ಬರುತ್ತಿರಲಿಲ್ಲವೇ? ಬರುತ್ತಿತ್ತೇನೋ, ಆದರೆ ನಾಚಿಕೆ ಅದರ ಮೇಲೆ ಕೂತಿರುತ್ತಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಹೊಟ್ಟೆಯನ್ನು ಬಾಳೆಕಾಯಿಯಷ್ಟು ಮಾಡಿ ಉಳಿದದ್ದನ್ನು ಕತ್ತರಿಸಿ ತೆಗೆದ ಮೇಲೆ, ಮೈಯ ಜೊತೆ ಆ ನಾಚಿಕೆಯೂ ಕರಗಿ, ಕೆಳಗಿನದು ಮೇಲೆ ಬಂದಿರಬೇಕು. ಕೆಳಗಿದ್ದದ್ದು ಸಿಟ್ಟೇ. ಡಾಕ್ಟರಮ್ಮ ಆಪರೇಷನ್ನಿಗೆ ಮೊದಲೇ ಹೇಳಿದ್ದರು: ‘ಪಿಸಿಓಡಿ ಅನ್ನೋ ಈ ಅಂಡಾಶಯದ ತೊಂದರೆ ಕಿತ್ತು ಹಾಕೋ ಕಾಯಿಲೆ ಅಲ್ಲಮ್ಮ, ಹಿಡಿತದಲ್ಲಿ ಇಟ್ಕೊಳ್ಳೋದು. ತೂಕ ಇಳಿದ್ರೆ ಅದು ನಿಮ್ಮ ಮಾತು ಕೇಳುತ್ತೆ, ಅಷ್ಟೇ.’ ಕೇಳಿತು, ಅರ್ಧ. ಮುಟ್ಟು ಬಂತು. ಗದ್ದದ ಮೇಲಿನ ಕೂದಲು ಹೋಗಲಿಲ್ಲ, ತಲೆಯ ಮೇಲಿನದು ಹಿಡಿ ಹಿಡಿಯಾಗಿ ಬಾಚಣಿಗೆಗೆ ಬಂತು. ತೋಳಿನ ಕೆಳಗೆ ಚರ್ಮ ಒದ್ದೆ ಟವೆಲಿನ ಹಾಗೆ ಜೋತುಬಿತ್ತು. ಮುದ್ದೆಯ ಎರಡು ತುತ್ತು ಮುಗಿದು ಮೂರನೆಯದಕ್ಕೆ ಕೈ ಹಾಕಿದರೆ ಎದೆಯ ನಡುವೆ ಕಲ್ಲು ಕೂತ ಹಾಗೆ. ಗುಮ್ಮಘಟ್ಟದ ಮದುವೆಯೊಂದರಲ್ಲಿ ಬಡಿಸುವವರು ಬಲವಂತ ಮಾಡಿ ಹೋಳಿಗೆ ಹಾಕಿ, ಅವಳು ತಿಂದು, ಛತ್ರದ ಹಿಂದೆ ಹೋಗಿ ಕಕ್ಕಿದ್ದಳು. ಅಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡು, ಶುಭಸೂಚನೆಯೆಂದು ಕಣ್ಣಲ್ಲೇ ನಕ್ಕಿದ್ದರು. ಮೊದಲು ಅವಳು ತಿನ್ನುವುದನ್ನು ಊರು ನೋಡುತ್ತಿತ್ತು. ಈಗ ಕಕ್ಕುವುದನ್ನು.

ಅವಳ ಕಣ್ಣು ಟ್ರಂಕಿನ ಕಡೆ ಹೋಯಿತು. ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಅಂಟಿಸಿದ ಲಕೋಟೆಯೊಂದು ಯುಗಾದಿಯಿಂದ ಬಿದ್ದಿದೆ. ಮೇಲೆ ಅಮ್ಮನ ವಿಳಾಸ: ಕದರಮ್ಮ, ಮಡಕಶಿರಾ ತಾಲ್ಲೂಕಿನ ಆ ಹಳ್ಳಿ. ಯುಗಾದಿಯ ಮರುದಿನ ಅತ್ತಿಗೆ ಸೌಮ್ಯ ಫೋನು ಮಾಡಿದ್ದಳು. ಅಣ್ಣ ನಾಗಾರ್ಜುನನ ಹೆಂಡತಿ. ಎಂದೂ ತಾನಾಗಿ ಫೋನು ಮಾಡಿದವಳಲ್ಲ. ಎಲ್ಲೋ ರೇಷ್ಮೆಸೊಪ್ಪಿನ ತೋಟದಲ್ಲಿ ನಿಂತು ಪಿಸುಗುಟ್ಟಿದ್ದಳು.

‘ವೇಣಕ್ಕ, ಸುಶ್ಮಿ ಸಂಕ್ರಾಂತಿಯಿಂದ ಹೊರಗಾಗಿಲ್ಲ ಕಣಕ್ಕ. ಗದ್ದದ ಮೇಲೆ ಕೂದ್ಲು ಬತ್ತಾ ಐತೆ. ಮೈ ಬಾರಿ ಬಂದೈತೆ. ಅತ್ತೆ ಯಾರ್ಗೂ ಹೇಳ್ಬ್ಯಾಡ ಅಂತಾರೆ. ಒಳ್ಳೇದೇ ಆತು ಬಿಡು ಅಂತಾರೆ.’

‘ಒಳ್ಳೇದಾ?’

‘ಹುಳುಮನೆಗೆ’ ಎಂದು ಸೌಮ್ಯ ಫೋನು ಇಟ್ಟಿದ್ದಳು.

ಅಣ್ಣನ ಮಗಳು ಸುಶ್ಮಿತಾ, ಹದಿನಾರರ ಹುಡುಗಿ. ಆ ರಾತ್ರಿಯೇ ನಾಗವೇಣಿ ಕಾಗದ ಬರೆದಿದ್ದಳು, ಹಾಳೆಯ ಎರಡೂ ಬದಿ. ಬೆಳಿಗ್ಗೆ ಹಾಕುತ್ತೇನೆ ಅಂದುಕೊಂಡಳು. ಬೆಳಿಗ್ಗೆ ಮೂಟೆ ಬಂತು. ಆಮೇಲೆ ಬೇರೆ ಬೆಳಿಗ್ಗೆಗಳು ಬಂದವು. ಪ್ರತಿ ಬೆಳಿಗ್ಗೆಯೂ ಒಂದು ಕಾರಣ ಸಿಗುತ್ತಿತ್ತು, ಆ ಕಾರಣಗಳೆಲ್ಲ ಅಮ್ಮನ ದನಿಯಲ್ಲೇ ಮಾತಾಡುತ್ತಿದ್ದವು: ಇಂಥದ್ದನ್ನೆಲ್ಲ ಯಾರಾದ್ರೂ ಬರೀತಾರೇನಮ್ಮಿ?

‘ಬರ್ರಿ, ಬರ್ರಿ, ಒಳಗ ಬರ್ರಿ. ಇಲ್ಲೇ ಅದಾಳ ನಮ್ಮ ಸೊಸಿ.’ ಅತ್ತೆ ಓಬಮ್ಮ ಬಾಗಿಲಲ್ಲಿದ್ದಳು. ಹಿಂದೆ ಬೊಮ್ಮನಹಾಳದಿಂದ ಬಂದ ಹೆಂಗಸು, ಓಬಮ್ಮನ ದೂರದ ನಾದಿನಿ. ಅವಳ ಹಿಂದೆ, ಬಾಗಿಲಿಗೆ ಮೈ ತಾಗದಂತೆ ಓರೆಯಾಗಿ ಒಳಗೆ ಬಂದ ಮಗಳು. ಹೆಸರು ಅರ್ಚನಾ. ಆ ಓರೆಯಾಗುವುದು ನಾಗವೇಣಿಗೆ ಮೈಯಲ್ಲೇ ನೆನಪಿತ್ತು. ಬಾಗಿಲು ಅಗಲವೇ ಇರುತ್ತದೆ. ಆದರೂ ಓರೆಯಾಗಬೇಕು ಅನ್ನಿಸುತ್ತದೆ.

‘ಎದ್ದು ನಿಂದ್ರವಾ’ ಎಂದಳು ಓಬಮ್ಮ. ನಾಗವೇಣಿ ಎದ್ದಳು. ಗೋಡೆಯ ಮೇಲಿದ್ದ ಮದುವೆಯ ಫೋಟೋವನ್ನು ಓಬಮ್ಮ ಇಳಿಸಿ, ಸೆರಗಿನಿಂದ ಗಾಜು ಒರೆಸಿ, ಸೊಸೆಯ ಪಕ್ಕದಲ್ಲಿ ಹಿಡಿದಳು. ‘ಇದು ಆಗ. ಇದು ಈಗ. ನೀವ ಹೇಳ್ರಿ. ಇಕಿ ಕುಂತ್ರ ಮಂಚ ಅಳ್ತಿತ್ತು, ಈಗ ನೋಡ್ರಿ, ಗಾಳಿ ಬಿಟ್ರ ಹಿಡಕೋಬೇಕು!’

‘ಅಯ್ಯೋ ತಲ್ಲೀ, ಎಂತ ಚಿಕ್ಕಿಪೋಯಿನಾವೇ’ ಎಂದು ಬೊಮ್ಮನಹಾಳದವಳು ತೆಲುಗಿನಲ್ಲಿ ಬಾಯಿ ತೆರೆದಳು. ಎಷ್ಟು ಸಣ್ಣಗಾಗಿಬಿಟ್ಟೆಯೇ ಎಂಬ ಆ ಮಾತಿನಲ್ಲಿ ಮರುಕವೂ ಇತ್ತು, ಆಸೆಯೂ ಇತ್ತು. ‘ಕೊಯ್ದದ್ದು ಎಲ್ಲಿ?’

‘ತೋರ್ಸವಾ. ನಾವೆಲ್ಲ ಹೆಂಗಸ್ರೇ ಅದೀವಲ್ಲ.’

ತನ್ನ ಕೈ ತಾನಾಗಿಯೇ ಸೆರಗಿಗೆ ಹೋದದ್ದನ್ನು ನಾಗವೇಣಿ ನೋಡಿದಳು. ಎಷ್ಟು ಪಳಗಿಸಿದ ಕೈ. ಹೊಟ್ಟೆಯ ಮೇಲೆ ಅಲ್ಲಲ್ಲಿ ಬೆರಳ ತುದಿಯಷ್ಟು ಕಪ್ಪು ಗುರುತುಗಳು, ಸುತ್ತ ಸುಕ್ಕಾದ ಖಾಲಿ ಚರ್ಮ. ಬೊಮ್ಮನಹಾಳದವಳು ಬಗ್ಗಿ, ಪೇಟೆಯಲ್ಲಿ ಬದನೆಕಾಯಿ ನೋಡುವ ಹಾಗೆ ಒತ್ತಿ ನೋಡಿದಳು. ‘ಇಷ್ಟೇನಾ? ಇಷ್ಟಕ್ಕ ನಾವು ಹೆದರಿದ್ವಲ್ಲ. ಏ ಅರ್ಚನಾ, ನೋಡಿಲ್ಲಿ, ಇರುವಿ ಕಚ್ಚಿದಂಗ ಐತಿ.’ ಅರ್ಚನಾ ನೋಡಲಿಲ್ಲ. ಪ್ಯಾಂಟಿನ ರಾಶಿಯ ಮೇಲಿನ ಚೀಟಿಗಳ ಮೇಲೆ ಅವಳ ಕಣ್ಣಿತ್ತು. ‘ಈಗ ತಿಂಗಳ ತಿಂಗಳ ಸರಿ ಆಗೇತ್ರಿ’ ಎಂದು ಓಬಮ್ಮ ಮುಂದುವರಿಸಿದಳು, ‘ಮೊದಲನೇ ಸಲ ಬಂದಾಗ ನಾನು ಓಣಿಗೆಲ್ಲ ಸಕ್ರಿ ಹಂಚೀನ್ರಿ. ಇನ್ನ ಕೂಸೊಂದು ಆತಂದ್ರ ಮುಗೀತು.’

ಡಾಕ್ಟರಮ್ಮ ಒಂದೂವರೆ ವರ್ಷ ಬಸಿರಿನ ಯೋಚನೆ ಬೇಡ ಎಂದಿದ್ದಾರೆ, ಓಬಮ್ಮನ ಎದುರೇ ಎಂದಿದ್ದಾರೆ. ಸಕ್ಕರೆ ಹಂಚಿದ್ದು ನಿಜ. ಬಚ್ಚಲಿನಲ್ಲಿ ಆ ಕೆಂಪನ್ನು ನೋಡಿ ನಾಗವೇಣಿ ಗೋಡೆಗೆ ಒರಗಿ ಕುಳಿತಿದ್ದಳು. ಅಷ್ಟು ವರ್ಷಗಳಲ್ಲಿ ತನ್ನದೇ ಎಂಬಂಥ ಒಂದು ವಿಷಯ ಮೈಯಲ್ಲಿ ನಡೆದಿತ್ತು. ಹೊರಗೆ ಬರುವಷ್ಟರಲ್ಲಿ ಅದು ಓಣಿಯದಾಗಿತ್ತು.

ಅತ್ತೆಯೂ ಬೊಮ್ಮನಹಾಳದವಳೂ ಕಾಫಿಗೆಂದು ಅಡಿಗೆಮನೆಗೆ ಹೋದರು. ಅರ್ಚನಾ ಮೂಲೆಯಲ್ಲಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಒಂದು ಪ್ಯಾಂಟನ್ನು ಎಳೆದುಕೊಂಡು ದಾರದ ತುದಿ ಹುಡುಕತೊಡಗಿದಳು.

‘ಅಕ್ಕಾ, ಒಂದು ಕೇಳ್ಲೇನ್ರಿ?’

‘ನೋವು ಆಗ್ತತೇನು ಅಂತನಾ?’

‘ಅಲ್ರಿ.’ ಹುಡುಗಿ ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. ‘ಅದು ಆದಮ್ಯಾಲ ಎಲ್ಲಾರೂ ಸುಮ್ಕ ಇರ್ತಾರೇನ್ರಿ?’

ನಾಗವೇಣಿ ಹುಡುಗಿಯ ಕೈಯಲ್ಲಿದ್ದ ಪ್ಯಾಂಟಿನ ದಾರವೊಂದನ್ನು ಕತ್ತರಿಸಿದಳು. ‘ಇಲ್ಲ. ಬ್ಯಾರೆ ಮಾತಾಡ್ತಾರ’ ಎಂದಳು. ‘ಆಪರೇಷನ್ ಬ್ಯಾಡ ಅಂತ ಅಲ್ಲ. ನನಗ ಉಸಿರು ಬಂತು, ಮೊಣಕಾಲು ಬಂತು. ಆದರ ಡಾಕ್ಟರ್ ಹತ್ರ ನೀನ ಮಾತಾಡು. ನಿಮ್ಮಮ್ಮನ್ನ ಹೊರಗ ಕುಂದ್ರಿಸು.’ ಹುಡುಗಿ ತಲೆಯಾಡಿಸಿದಳು. ಅವಳ ಗದ್ದದ ಕೆಳಗೆ, ದಾರದಿಂದ ಕೂದಲು ಕಿತ್ತ ಜಾಗದಲ್ಲಿ ಚರ್ಮ ಕೆಂಪಗೆ ಉರಿದಿತ್ತು. ಇನ್ನೊಂದು ಗದ್ದ, ಸುಶ್ಮಿತಾಳದು, ನಾಗವೇಣಿಯ ಕಣ್ಣಿಗೆ ಕಟ್ಟಿತು. ಆ ಹುಡುಗಿಗೆ ಹೀಗೆ ಕೇಳಲೂ ಯಾರಿಲ್ಲ.

ಅವರು ಹೋದ ಕೂಡಲೇ ಅವಳು ಅಮ್ಮನಿಗೆ ಫೋನು ಮಾಡಿದಳು.

‘ಏನಮ್ಮಿ, ಊಟ ಆತಾ? ತಿಂತೀಯೋ ಇಲ್ಲೋ? ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದವೆ ಕಣಮ್ಮಿ, ಎಷ್ಟು ಸೊಪ್ಪು ಹಾಕಿದ್ರೂ ಸಾಲ್ದು. ಸುಶ್ಮಿ ಒಳಗವ್ಳೆ. ಅವಳ ಕೈ ನಿನ್ನ ಕೈನಂಗೇ. ಏನ್ ಕೈಗುಣ ಅಂತೀಯಾ!’

‘ಅಮ್ಮ, ಅವಳ್ನ ಆಸ್ಪತ್ರೆಗೆ ತೋರ್ಸಿ.’

‘ಅವಳಿಗೇನಾಗೈತೆ? ಗುಂಡ್ಕಲ್ಲಂಗವ್ಳೆ.’

‘ಅಮ್ಮ, ಸಂಕ್ರಾಂತಿಯಿಂದ ಅವಳಿಗೆ—’

‘ಹಲೋ? ಹಲೋ? ಏನೂ ಕೇಳ್ತಿಲ್ಲ ಕಣಮ್ಮಿ. ಈ ಸಿಗ್ನಲ್ ಮನೆ ಹಾಳಾಗ.’ ಫೋನು ಕಟ್ಟಾಯಿತು. ‘ಗುಂಡ್ಕಲ್ಲಂಗವ್ಳೆ’ ಎನ್ನುವವರೆಗೆ ಪಕ್ಕದ ಕೋಳಿಯ ಸದ್ದೂ ಚೆನ್ನಾಗಿ ಕೇಳುತ್ತಿತ್ತು.

ಗುಂಡುಕಲ್ಲು. ಆ ಮಾತನ್ನು ತನಗೂ ಅಂದಿದ್ದರು. ಹುಳುಮನೆಯ ಬಾಗಿಲಲ್ಲಿ ಸುಣ್ಣದ ಪುಡಿಯ ಪಟ್ಟೆ, ಒಳಗೆ ಸೊಪ್ಪಿನ ಹಸಿ ವಾಸನೆ, ಅರೆಗತ್ತಲು, ತಟ್ಟೆ ತಟ್ಟೆಗಳಲ್ಲಿ ತಿನ್ನುತ್ತಲೇ ಇರುವ ಬಿಳಿ ರೇಷ್ಮೆಹುಳುಗಳು. ಹೊರಗಾದ ಹೆಂಗಸಿನ ನೆರಳು ಬಿದ್ದರೂ ಬೆಳೆ ಹೋಯಿತು ಎನ್ನುತ್ತಿದ್ದರು. ಸುತ್ತಲಿನ ಮನೆಗಳಲ್ಲಿ ಹುಳು ಜೋರಾಗಿ ತಿನ್ನುವ ಹೊತ್ತಿಗೇ ಮಗಳೋ ಸೊಸೆಯೋ ಹೊರಗಾಗಿ, ಗಂಡಸರು ಸೊಪ್ಪು ಹೊತ್ತು ಒದ್ದಾಡುತ್ತಿದ್ದರು. ಕದರಮ್ಮನ ಮನೆಯಲ್ಲಿ ಆ ತೊಂದರೆ ಇರಲಿಲ್ಲ. ತಿಂಗಳ ಮೇಲೆ ತಿಂಗಳು ನಾಗವೇಣಿ ಒಳಗೇ ಇದ್ದಳು. ಸೊಪ್ಪು ಹಾಕಿ, ಕಸ ತೆಗೆದು, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ಬಿದಿರ ಸುತ್ತುಗಳಿಗೆ ಬಿಡುವವರೆಗೆ. ಅಕ್ಕಪಕ್ಕದವರು ಕೂಡ ಕರೆಯಲು ಬರುತ್ತಿದ್ದರು: ‘ನಿಮ್ ಹುಡ್ಗೀನ ಒಂದಿನ ಕಳಿಸ್ಕೊಡಕ್ಕ, ನಮ್ಮೋಳು ಹೊರಗವ್ಳೆ.’ ಅಮ್ಮ ಬೀಗುತ್ತಿದ್ದಳು. ‘ಹೋಗಮ್ಮಿ. ನಿನಗೇನು, ನೀನು ಯಾವಾಗ್ಲೂ ಮಡಿ.’ ಅಲ್ಲಿ ಹುಳು ದಪ್ಪಗಾದಷ್ಟೂ ಸಂತೋಷ; ಅಂಗೈಯಲ್ಲಿಟ್ಟು ತೂಗಿ ನೋಡಿ ನಗುತ್ತಿದ್ದರು. ಅದೇ ಕಣ್ಣು ಊಟದ ಹೊತ್ತಿಗೆ ಅವಳ ತಟ್ಟೆಯ ಎರಡನೆಯ ಮುದ್ದೆಯ ಮೇಲೆ ಬಂದು ಕೂರುತ್ತಿತ್ತು. ಒಮ್ಮೆ, ಹದಿನೇಳರಲ್ಲಿ, ನರ್ಸಮ್ಮ ಮನೆಗೆ ಬಂದು ಇವಳನ್ನು ಹಿಂದೂಪುರದ ಆಸ್ಪತ್ರೆಗೆ ತೋರಿಸಿ ಎಂದಿದ್ದಳು. ‘ಈ ಬೆಳೆ ಮುಗೀಲಿ’ ಎಂದಿದ್ದಳು ಅಮ್ಮ. ಬೆಳೆಯ ಹಿಂದೆ ಬೆಳೆ. ಅಮ್ಮನಿಗೆ ಗೊತ್ತಿರಲಿಲ್ಲವೇ? ಒಗೆಯುವ ಬಟ್ಟೆ ಅಮ್ಮನ ಕೈಯಲ್ಲೇ ಇತ್ತಲ್ಲ. ಗೊತ್ತಿತ್ತು. ಗೊತ್ತಿದ್ದು, ಅನುಕೂಲವಾಗಿತ್ತು. ಬಳ್ಳಾರಿಯಲ್ಲಿ ಮಂಚದ ಮೇಲೆ ಮಲಗಿದ್ದಾಗಲೂ ಅಮ್ಮ ಊರಿಗೆಲ್ಲ ಹೇಳಿದ್ದು ಮಗಳಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ.

ಮತ್ತೆ ಆ ಒಂದು ಬೆಳೆ. ಎಷ್ಟೋ ತಿಂಗಳ ಮೇಲೆ, ಹುಳು ನಾಲ್ಕನೆಯ ಜ್ವರ ಎದ್ದ ಮರುದಿನ, ಹುಳುಮನೆಯೊಳಗೇ ಅವಳಿಗೆ ತೊಡೆ ಒದ್ದೆಯಾಗಿತ್ತು. ಕೈಯಲ್ಲಿ ಸೊಪ್ಪು. ಹೊರಗೆ ಅಮ್ಮ ಆಳುಗಳಿಗೆ ಕೂಗುತ್ತಿದ್ದಳು. ಹೇಳಿದರೆ ಏನಾಗುತ್ತದೆ ಎಂಬ ಹೆದರಿಕೆಯಲ್ಲಿ ಅವಳು ಹೇಳಲಿಲ್ಲ. ಹಳೆಯ ಲಂಗ ಹರಿದು ಮಡಚಿಕೊಂಡು, ಒಳಗೇ ಇದ್ದು, ಎಲ್ಲ ಕೆಲಸ ಮಾಡಿದಳು. ಪ್ರತಿ ತಟ್ಟೆಯ ಮುಂದೆ ನಿಂತು ಈಗ ಸಾಯುತ್ತವೆ, ಈಗ ಸಾಯುತ್ತವೆ ಎಂದು ಕಾದಳು. ಸಾಯಲಿಲ್ಲ. ಆ ಸಲದ ಗೂಡಿನಷ್ಟು ಗಟ್ಟಿ ಗೂಡು ಆ ಮನೆಯಲ್ಲಿ ಮುಂದೆಂದೂ ಬರಲಿಲ್ಲ. ಹಿಂದೂಪುರದ ಮಾರ್ಕೆಟ್ಟಿಗೆ ಹೋಗುವ ಮೊದಲು ಅಮ್ಮ ಮೊರದಲ್ಲಿ ಒಂದಿಷ್ಟು ಎತ್ತಿಕೊಂಡು ಬೀದಿಯವರಿಗೆಲ್ಲ ತೋರಿಸಿ ಬಂದಿದ್ದಳು: ‘ನಮ್ ವೇಣಿ ಕೈ ನೋಡ್ರಿ. ಅಷ್ಟು ಮಡಿ ಅವಳು.’ ನಾಗವೇಣಿ ಅಮ್ಮನ ಹಿಂದೆ ನಿಂತು ನಡುಗಿದ್ದಳು. ನಗಬೇಕಾಗಿತ್ತು. ಈಗ ತಿಳಿಯುತ್ತದೆ, ಹೊಟ್ಟೆ ಹಿಡಿದುಕೊಂಡು ನಗಬೇಕಾಗಿತ್ತು.

ಟ್ರಂಕು ತೆಗೆದು ಲಕೋಟೆಯನ್ನು ಬ್ಯಾಗಿಗೆ ಹಾಕಿಕೊಂಡಳು. ‘ಎಲ್ಲಿಗಿ? ಪ್ಯಾಂಟು ಯಾರು ಮುಗಿಸ್ತಾರ?’ ಎಂದಳು ಓಬಮ್ಮ. ‘ನೀವು ಕುಂದ್ರಿ ಅತ್ತಿ, ಸಣ್ಣ ಕತ್ರಿ ಅಲ್ಲೇ ಐತಿ.’ ಬೀದಿಯಲ್ಲಿ ಬಿಸಿಲು. ಕೋಟೆಯ ಬೆಟ್ಟದ ಬಂಡೆಗಳು ಮಧ್ಯಾಹ್ನಕ್ಕೆ ಬಿಳಿಚಿದ್ದವು. ಮೊದಲು ಈ ಏರಿನಲ್ಲಿ ಮೂರು ಕಡೆ ನಿಲ್ಲುತ್ತಿದ್ದಳು, ಅಂಗಡಿಯ ಸಾಮಾನು ನೋಡುವವಳ ಹಾಗೆ. ಈಗ ಕಾಲು ತಾನಾಗಿ ಹೋಗುತ್ತದೆ. ಸಿಟ್ಟಿಗೆ ಕಾಲು ಬಂದಿದೆ ಅನ್ನಿಸಿತು ಅವಳಿಗೆ. ಇಷ್ಟು ವರ್ಷ ಅದು ಕೂತಲ್ಲೇ ಕೂತಿತ್ತು.

ಪೋಸ್ಟ್ ಆಫೀಸಿನ ಬಾಗಿಲಿಗೆ ಬಂದು ಲಕೋಟೆಯನ್ನು ಹೊರತೆಗೆದಾಗ ಕಾಲು ನಿಂತಿತು. ಅಮ್ಮ ಇದನ್ನು ಏನು ಮಾಡುತ್ತಾಳೆ? ಅಮ್ಮ ಓದಲು ಕಲಿತದ್ದು ಐವತ್ತರ ಹತ್ತಿರ, ಗುಡಿಯ ಜಗಲಿಯ ರಾತ್ರಿ ಶಾಲೆಯಲ್ಲಿ. ಅಂಟಿಸಿದ ಕವರು ಬಂದರೆ ಅದರಲ್ಲಿ ಗುಟ್ಟಿದೆ ಎಂದು ಅವಳಿಗೆ ಗೊತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲಿಗೆ ಹೋಗಿ, ಬಣವೆಯ ಮರೆಯಲ್ಲಿ ಓದಿ, ಒಲೆಗೆ ಹಾಕುತ್ತಾಳೆ. ಕೇಳಿದರೆ, ಯಾವ ಕಾಗದ ಎನ್ನುತ್ತಾಳೆ. ಆದರೆ ತೆರೆದ ಅಂಚೆ ಕಾರ್ಡು ಬಂದರೆ ಹಾಗಲ್ಲ. ಅಂಗಳದ ನಡುವೆ ನಿಂತು, ಅಕ್ಷರದ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದುತ್ತಾಳೆ. ಮಗ ಓದಿಕೊಡುತ್ತೇನೆಂದರೆ ಕೈ ಕೊಡವುತ್ತಾಳೆ. ಬಾಯಲ್ಲಿ ಅನ್ನದೆ ಅವಳಿಗೆ ಓದಲು ಬರುವುದಿಲ್ಲ. ಎಷ್ಟೋ ಜನ ರಾತ್ರಿ ಶಾಲೆಯವರು ಹಾಗೆಯೇ. ಅನ್ನುತ್ತ ಹೋದ ಮೇಲೆ ತಾವು ಏನು ಅಂದೆವೆಂದು ಅವರಿಗೆ ತಿಳಿಯುವುದು. ಈಗ ಸೊಪ್ಪಿನ ಆಳುಗಳು ಅಂಗಳದಲ್ಲೇ ಇರುತ್ತಾರೆ. ಅಣ್ಣ ಇರುತ್ತಾನೆ. ಸೌಮ್ಯ ಇರುತ್ತಾಳೆ. ಹುಳುಮನೆಯ ಜಾಲರಿ ಬಾಗಿಲ ಹಿಂದೆ ಸುಶ್ಮಿತಾ ಇರುತ್ತಾಳೆ.

ಕಿಟಕಿಯ ಹಿಂದಿನ ಹುಡುಗ, ಪವನ್ ಎಂದು ಅಂಗಿಯ ಮೇಲೆ ಹೆಸರಿತ್ತು, ಕಾರ್ಡು ಎಂದಾಗ ನಕ್ಕ. ‘ಕಾರ್ಡಾ? ಈಗ ಯಾರು ಬರೀತಾರ್ರಿ ಅಕ್ಕಾರ.’ ಹುಡುಕಿ ಒಂದನ್ನು ಕೊಟ್ಟ. ನಾಗವೇಣಿ ಲಕೋಟೆಯನ್ನು ಹರಿದು, ಹಾಳೆಯನ್ನು ಒಮ್ಮೆ ನೋಡಿದಳು. ಎರಡೂ ಬದಿ ಅಳು. ಮಡಚಿ ಬ್ಯಾಗಿಗೆ ತುರುಕಿ, ಗೋಡೆಯ ಹಲಗೆಯ ಮೇಲೆ ಕಾರ್ಡಿಟ್ಟು, ಅಮ್ಮನಿಗೆ ಓದಲು ಬರುವಂತೆ ದಪ್ಪ ಅಕ್ಷರದಲ್ಲಿ ಬರೆದಳು. ಹುಡುಗಿಯ ಹೆಸರು ಬರಬಾರದು. ಊರ ಬಾಯಿಗೆ ಸಿಕ್ಕುವುದಾದರೆ ತಾನೊಬ್ಬಳೇ ಸಿಕ್ಕಲಿ.

‘ಅಮ್ಮನಿಗೆ ನಾಗವೇಣಿಯ ನಮಸ್ಕಾರ. ನನಗೆ ಆದದ್ದು ಪಿತ್ತಕೋಶದ ಆಪರೇಷನ್ ಅಲ್ಲ. ನನಗೆ ವರ್ಷಗಟ್ಟಲೆ ಮುಟ್ಟು ನಿಂತಿತ್ತು. ಅದು ಮಡಿ ಅಲ್ಲ, ಕಾಯಿಲೆ. ನಿನಗೆ ಗೊತ್ತಿತ್ತು. ನೀನು ಮೊರದಲ್ಲಿ ಬೀದಿಗೆಲ್ಲ ತೋರಿಸಿದ ಗೂಡು ನೆನಪಿದೆಯಾ? ಆ ಬೆಳೆಗೆ ಸೊಪ್ಪು ಹಾಕಿದಾಗ ನಾನು ಮುಟ್ಟಾಗಿದ್ದೆ. ಒಂದು ಹುಳುವೂ ಸಾಯಲಿಲ್ಲ. ಭಾನುವಾರ ಬರುತ್ತೇನೆ. ಒಬ್ಬಳೇ ವಾಪಸು ಹೋಗುವುದಿಲ್ಲ. ಸೌಮ್ಯಳಿಗೆ ಹೇಳು.’

ಮುಟ್ಟು ಎಂಬ ಮಾತು ಅಮ್ಮನ ಬಾಯಲ್ಲಿ ಅವಳು ಎಂದೂ ಕೇಳಿರಲಿಲ್ಲ. ಹೊರಗೆ ಅನ್ನುತ್ತಿದ್ದಳು, ಕಾಗೆ ಮುಟ್ಟಿದೆ ಎಂದು ಮಕ್ಕಳಿಗೆ ಹೇಳುತ್ತಿದ್ದಳು, ಕೈಸನ್ನೆ ಮಾಡುತ್ತಿದ್ದಳು. ಇನ್ನು ಅಂಗಳದಲ್ಲಿ ನಿಂತು ಎರಡು ಸಲ ಅನ್ನಬೇಕು. ಮೊದಲನೆಯ ಸಲ ಅಂದು, ತಿಳಿದು, ನಿಲ್ಲಿಸಿದರೆ? ನಿಲ್ಲಿಸಲಾರಳು. ಓದುವುದನ್ನು ನಡುವೆ ನಿಲ್ಲಿಸಿದರೆ ಇವಳಿಗೆ ಓದು ಬಾರದು ಅನ್ನುತ್ತಾರೆ ಎಂಬ ಹೆದರಿಕೆ ಅಮ್ಮನಿಗೆ ಇಂದಿಗೂ ಇದೆ. ನಾಗವೇಣಿಗೆ ಒಂದು ಗಳಿಗೆ ಆ ಬೆರಳು ಕಂಡಿತು, ಸೊಪ್ಪಿನ ಕರೆ ಹಿಡಿದ ಉಗುರು, ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತ. ಮರುಕ ಬಂತು. ಬಂದರೂ ಅವಳು ಕಾರ್ಡನ್ನು ಹರಿಯಲಿಲ್ಲ.

ಡಬ್ಬಿಯ ಕಡೆ ಹೊರಟವಳನ್ನು ಪವನ್ ಕರೆದ. ‘ಡಬ್ಬಿ ಖಾಲಿ ಮಾಡಿ ಆತ್ರಿ. ಇಲ್ಲೇ ಕೊಡ್ರಿ, ಈಗಿನ ಥೈಲಿಗೇ ಹಾಕ್ತೀನಿ.’ ಕೈಗೆ ತೆಗೆದುಕೊಂಡವನ ಕಣ್ಣು ಮೇಲಿನ ಸಾಲುಗಳ ಮೇಲೆ ಬಿತ್ತು. ಕಿವಿ ಕೆಂಪಾಯಿತು. ಕಾರ್ಡನ್ನು ಸರಕ್ಕನೆ ಮಗುಚಿ, ವಿಳಾಸದ ಕಡೆಯನ್ನೇ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದ:

‘ಅಕ್ಕಾರ, ಕವರಿನ್ಯಾಗ ಹಾಕಿದ್ರ ಚಲೋ ಇತ್ತು. ಇದನ್ನ ಎಲ್ಲಾರೂ ಓದ್ತಾರ.’

‘ಇಲ್ಲಪ್ಪ’ ಎಂದಳು ನಾಗವೇಣಿ. ‘ನಮ್ಮಮ್ಮ ಓದ್ತಾಳ. ಎಲ್ಲಾರೂ ಕೇಳ್ತಾರ. ಸೀಲ್ ಹಾಕು.’

ಅವನು ಹಾಕಿದ.